ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್: ಕಂಪನಿಯದೋ, ಹೊರಗಿನದೋ?

ಮುಂಗಾರು ಉಳುಮೆಗೆ ಮೊದಲು ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ ಬದಲಾಯಿಸಬೇಕೆಂದು ನೀವು ಪೇಟೆಯ ಬಿಡಿಭಾಗಗಳ ಅಂಗಡಿಗೆ ಹೋಗಿದ್ದೀರಿ ಎಂದು ಇಟ್ಟುಕೊಳ್ಳಿ. ಆಯಿಲ್ ಫಿಲ್ಟರ್ ಕೇಳಿದ ಕೂಡಲೇ ಅಂಗಡಿಯವರು ಮೂರು ಪೆಟ್ಟಿಗೆಗಳನ್ನು ನಿಮ್ಮ ಮುಂದಿಡುತ್ತಾರೆ. ಮೊದಲನೆಯದರ ಮೇಲೆ ನಿಮ್ಮ ಟ್ರ್ಯಾಕ್ಟರ್ ಕಂಪನಿಯ ಹೆಸರಿದೆ. ಅದರ ಬೆಲೆ ಎಲ್ಲಕ್ಕಿಂತ ಹೆಚ್ಚು. ಎರಡನೆಯದರ ಮೇಲೆ ಹೆಸರಾಂತ ಫಿಲ್ಟರ್ ತಯಾರಕರ ಗುರುತಿದೆ. ಬೆಲೆ ಸ್ವಲ್ಪ ಕಡಿಮೆ. ಮೂರನೆಯದು ಎಂದೂ ಕೇಳದ ಹೆಸರು. ಅರ್ಧ ಬೆಲೆಗೇ ಸಿಗುತ್ತದೆ. "ಮೂರೂ ಒಂದೇ, ಯಾವುದನ್ನು ಹಾಕಿದರೂ ನಡೆಯುತ್ತದೆ" ಎಂದು ಅಂಗಡಿಯವರು ಹೇಳುತ್ತಾರೆ. "ಕಂಪನಿಯದನ್ನು ಬಿಟ್ಟು ಬೇರೆ ಮುಟ್ಟಬೇಡಿ" ಎಂದು ಡೀಲರ ಕಡೆಯವರು ಹೇಳುತ್ತಾರೆ. ಯಾರ ಮಾತು ಸರಿ?

ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದಿದ್ದರೆ ಒಂದು ಕಡೆ ಅನಾವಶ್ಯಕವಾಗಿ ಹಣ ಹೋಗುತ್ತದೆ, ಇನ್ನೊಂದು ಕಡೆ ಎಂಜಿನ್ನೇ ಹೋಗುತ್ತದೆ. ಫಿಲ್ಟರಿನ ಬೆಲೆ ಕೆಲವು ನೂರು ರೂಪಾಯಿ. ಎಂಜಿನ್ ಬಿಚ್ಚಿ ಬೇರಿಂಗು, ಪಿಸ್ಟನ್ನು, ಲೈನರುಗಳನ್ನು ಬದಲಾಯಿಸುವ ಖರ್ಚು ಹತ್ತಾರು ಸಾವಿರ. ಅದೂ ಬಿತ್ತನೆಯ ಹದ ಇರುವಾಗಲೇ ಟ್ರ್ಯಾಕ್ಟರ್ ನಿಂತರೆ ಆಗುವ ನಷ್ಟ ಬೇರೆ. ಆದ್ದರಿಂದ ಈ ಚಿಕ್ಕ ಡಬ್ಬಿಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಫಿಲ್ಟರ್ ಮಾಡುವ ಕೆಲಸ

ಎಂಜಿನ್ನಿನ ತಳದಲ್ಲಿರುವ ಎಣ್ಣೆಯನ್ನು ಪಂಪು ಎಳೆದು ಒತ್ತಡದಿಂದ ಫಿಲ್ಟರಿಗೆ ಕಳುಹಿಸುತ್ತದೆ. ಅಲ್ಲಿ ಸೋಸಿದ ಎಣ್ಣೆ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ ಮತ್ತು ಇತರ ಭಾಗಗಳಿಗೆ ಹರಿಯುತ್ತದೆ. ತಿರುಗುವ ಶಾಫ್ಟಿಗೂ ಬೇರಿಂಗಿಗೂ ನಡುವೆ ನಿಲ್ಲುವ ಎಣ್ಣೆಯ ಪದರ ಕೆಲವೇ ಮೈಕ್ರಾನುಗಳಷ್ಟು ತೆಳು. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಎಣ್ಣೆಯ ಪದರಕ್ಕಿಂತ ಸ್ವಲ್ಪ ದೊಡ್ಡದಾದ ಮಣ್ಣಿನ ಕಣ ಅಥವಾ ಲೋಹದ ಚೂರು ಅದರ ನಡುವೆ ಸಿಕ್ಕಿಕೊಂಡರೆ ಸಾಣೆಯ ಪುಡಿಯಂತೆ ಎರಡೂ ಕಡೆ ಉಜ್ಜುತ್ತದೆ. ಸುಮಾರು ೫ರಿಂದ ೨೦ ಮೈಕ್ರಾನ್ ಗಾತ್ರದ, ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಹಾನಿ ಮಾಡುವುದು.

ಮೊದಲ ಮೋಟಾರು ವಾಹನಗಳಲ್ಲಿ ತಂತಿಬಲೆಯ ಜರಡಿಯೇ ಗತಿಯಾಗಿತ್ತು. ೧೯೨೩ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಎಂಬಿಬ್ಬರು ಮೋಟಾರಿನ ಎಣ್ಣೆ ಸೋಸುವ ಉಪಕರಣವನ್ನು ರೂಪಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಇಂದು ನಾವು ತಿರುಗಿಸಿ ಹಾಕಿ, ತಿರುಗಿಸಿ ತೆಗೆದು ಎಸೆಯುವ ಡಬ್ಬಿಯಂಥ ಫಿಲ್ಟರನ್ನು ೧೯೫೪ರಲ್ಲಿ ಅಮೆರಿಕದ ವಿಕ್ಸ್ ಕಂಪನಿ ಬಳಕೆಗೆ ತಂದಿತು. ಹಳೆಯ ಮಾದರಿಯ ಹಲವು ಟ್ರ್ಯಾಕ್ಟರುಗಳಲ್ಲಿ ಬಟ್ಟಲಿನೊಳಗೆ ಕಾಗದದ ಸುರುಳಿ ಇಟ್ಟು ಬೋಲ್ಟು ಬಿಗಿಯುವ ಬಗೆಯೂ ಇದೆ. ಎರಡರಲ್ಲೂ ಸೋಸುವ ಕೆಲಸ ಮಾಡುವುದು ರಾಳ ಹಾಕಿ ಗಟ್ಟಿ ಮಾಡಿದ, ಮಡಿಕೆ ಮಡಿಕೆಯಾದ ವಿಶೇಷ ಕಾಗದ.

ಕಂಪನಿ ಫಿಲ್ಟರನ್ನು ತಯಾರಿಸುವವರು ಯಾರು?

ಟ್ರ್ಯಾಕ್ಟರ್ ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಫಿಲ್ಟರನ್ನು ಆ ಕಂಪನಿಯೇ ತಯಾರಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಟಯರು, ಬ್ಯಾಟರಿ, ಬೇರಿಂಗುಗಳಂತೆ ಫಿಲ್ಟರನ್ನೂ ಅದೇ ಕಸುಬಿನ ಕಾರ್ಖಾನೆಗಳಿಂದ ಕೊಳ್ಳುವುದು ವಾಡಿಕೆ. ಎಂಜಿನ್ ರೂಪಿಸುವವರು ತಮಗೆ ಬೇಕಾದ ಅಳತೆ, ಸೋಸುವ ಸೂಕ್ಷ್ಮತೆ, ವಾಲ್ವು ತೆರೆಯುವ ಒತ್ತಡ, ತಾಳಿಕೆ ಇವುಗಳ ನಕ್ಷೆ ಕೊಡುತ್ತಾರೆ. ಫಿಲ್ಟರ್ ಕಾರ್ಖಾನೆ ಆ ನಕ್ಷೆಯಂತೆ ತಯಾರಿಸಿ, ಪರೀಕ್ಷೆಗೆ ಒಪ್ಪಿಸಿ, ಟ್ರ್ಯಾಕ್ಟರ್ ಕಂಪನಿಯ ಹೆಸರು ಮತ್ತು ಭಾಗ ಸಂಖ್ಯೆ ಅಚ್ಚು ಹಾಕಿ ಕಳುಹಿಸುತ್ತದೆ.

ಇಂಥ ಕಾರ್ಖಾನೆಗಳು ಲೋಕದಲ್ಲಿ ಬಹಳ ಇಲ್ಲ. ೧೯೪೧ರಲ್ಲಿ ಪ್ರಾರಂಭವಾದ ಜರ್ಮನಿಯ ಮಾನ್ ಹುಮ್ಮೆಲ್, ಅದೇ ದೇಶದ ಮಾಹ್ಲೆ, ೧೯೧೫ರಲ್ಲಿ ಸ್ಥಾಪಿತವಾದ ಅಮೆರಿಕದ ಡೊನಾಲ್ಡ್‌ಸನ್, ಕಮ್ಮಿನ್ಸ್ ಎಂಜಿನ್ ಕಂಪನಿಯ ಅಂಗವಾಗಿ ಬೆಳೆದ ಫ್ಲೀಟ್‌ಗಾರ್ಡ್ ಇವು ಮುಖ್ಯವಾದವು. ಇವೆಲ್ಲ ನಮ್ಮ ದೇಶದಲ್ಲೂ ತಯಾರಿಸುತ್ತವೆ ಅಥವಾ ಮಾರುತ್ತವೆ. ಮಾನ್ ಹುಮ್ಮೆಲ್ ಕಾರ್ಖಾನೆಯೊಂದು ನಮ್ಮ ತುಮಕೂರಿನ ಬಳಿ ವಸಂತನರಸಾಪುರದಲ್ಲಿದೆ. ಫ್ಲೀಟ್‌ಗಾರ್ಡ್ ಪುಣೆಯಲ್ಲಿ ನೆಲೆಯೂರಿದೆ. ಮುಂಚೆ ಪ್ಯೂರೊಲೇಟರ್ ಇಂಡಿಯಾ ಎಂದಿದ್ದ ಸಂಸ್ಥೆ ಮುಂದೆ ಮಾಹ್ಲೆ ಮತ್ತು ಆನಂದ್ ಸಮೂಹದ ಜಂಟಿ ಉದ್ಯಮವಾಯಿತು. ಫರೀದಾಬಾದಿನ ಎಲೋಫಿಕ್ ನಮ್ಮ ದೇಶದ್ದೇ ಆದ ಹಳೆಯ ಹೆಸರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಹೆಸರುಗಳು ಕೈ ಬದಲಾಗುತ್ತಿರುತ್ತವೆ. ವಿಕ್ಸ್ ೨೦೧೬ರಲ್ಲಿ ಮಾನ್ ಹುಮ್ಮೆಲ್ ಪಾಲಾಯಿತು. ಕಮ್ಮಿನ್ಸಿನ ಫಿಲ್ಟರ್ ವಿಭಾಗ ೨೦೨೪ರಲ್ಲಿ ಪೂರ್ಣವಾಗಿ ಬೇರೆಯಾಗಿ ಆಟ್ಮಸ್ ಎಂಬ ಸ್ವತಂತ್ರ ಕಂಪನಿಯಾಯಿತು. ಟ್ರ್ಯಾಕ್ಟರ್ ಕಂಪನಿಗಳೂ ಒಂದೇ ಮಾದರಿಗೆ ಇಬ್ಬರಿಂದ ಫಿಲ್ಟರ್ ಕೊಳ್ಳುವುದುಂಟು, ವರ್ಷ ಕಳೆದಂತೆ ಪೂರೈಕೆದಾರರನ್ನು ಬದಲಿಸುವುದೂ ಉಂಟು. ಆದ್ದರಿಂದ "ಆ ಟ್ರ್ಯಾಕ್ಟರಿಗೆ ಈ ಕಂಪನಿಯದೇ ಫಿಲ್ಟರ್" ಎಂಬ ಬಾಯಿಮಾತಿನ ಪಟ್ಟಿಯನ್ನು ನಂಬಬೇಡಿ. ನಿಮ್ಮದೇ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಯಿಂದ ಬಂದ ಫಿಲ್ಟರನ್ನು ಒರೆಸಿ ನೋಡಿ. ಎಷ್ಟೋ ವೇಳೆ ಟ್ರ್ಯಾಕ್ಟರ್ ಕಂಪನಿಯ ಹೆಸರಿನ ಜೊತೆಗೆ ತಯಾರಕರ ಗುರುತೂ ಡಬ್ಬಿಯ ಮೇಲೆ ಅಥವಾ ತಳದ ತಗಡಿನ ಮೇಲೆ ಇರುತ್ತದೆ. ಅದನ್ನೂ ಭಾಗ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಮಾರುಕಟ್ಟೆಯಲ್ಲಿರುವ ನಾಲ್ಕು ಬಗೆಗಳು

೧. ಕಂಪನಿ ಪೆಟ್ಟಿಗೆಯ ಫಿಲ್ಟರ್: ಫಿಲ್ಟರ್ ಕಾರ್ಖಾನೆ ತಯಾರಿಸಿ, ಟ್ರ್ಯಾಕ್ಟರ್ ಕಂಪನಿ ಒಪ್ಪಿ, ತನ್ನ ಹೆಸರಿನಲ್ಲಿ ಮಾರುವಂಥದು. ಬೆಲೆಯಲ್ಲಿ ಕಂಪನಿಯ ಮತ್ತು ಡೀಲರರ ಪಾಲೂ ಸೇರಿರುತ್ತದೆ.

೨. ಅದೇ ಕಾರ್ಖಾನೆಯವರು ತಮ್ಮ ಸ್ವಂತ ಹೆಸರಿನಲ್ಲಿ ಮಾರುವ ಫಿಲ್ಟರ್: ಹಲವು ಸಂದರ್ಭಗಳಲ್ಲಿ ಇದು ಮೊದಲಿನದಕ್ಕೆ ಸರಿಸಮ. ಆದರೆ ಯಾವಾಗಲೂ ಅಲ್ಲ. ಒಂದೇ ಕಾರ್ಖಾನೆ ಬೇರೆ ಬೇರೆ ಬೆಲೆಗೆ ಬೇರೆ ಬೇರೆ ದರ್ಜೆಯ ಸರಕು ತಯಾರಿಸಬಹುದು.

೩. ಎಂಜಿನ್ ಕಂಪನಿಗೆ ಪೂರೈಸದ, ಆದರೆ ಹೊರಗಿನ ಮಾರುಕಟ್ಟೆಗೆಂದೇ ತಯಾರಿಸುವವರ ಫಿಲ್ಟರ್: ಇದರಲ್ಲಿ ಉತ್ತಮವೂ ಇದೆ, ಸಾಧಾರಣವೂ ಇದೆ, ಕಳಪೆಯೂ ಇದೆ.

೪. ನಕಲಿ: ಹೆಸರಾಂತ ಪೆಟ್ಟಿಗೆಯನ್ನೇ ಅಚ್ಚು ಮಾಡಿ ಒಳಗೆ ಏನನ್ನೋ ತುಂಬಿದ್ದು. ಇದು ಮೂರನೆಯ ಬಗೆಗೆ ಸೇರಿದ್ದಲ್ಲ, ಮೋಸ.

ಮೊದಲ ಎರಡು ಬಗೆಗಳ ನಡುವಿನ ಗೋಡೆ ಎಲ್ಲ ಕಡೆ ಒಂದೇ ರೀತಿ ಇಲ್ಲ. ಭಾರತದ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟ್‌ನಲ್ಲಿ ೧೪ ಕಾರು ಕಂಪನಿಗಳ ಮೇಲೆ ದಂಡ ವಿಧಿಸಿತು. ಬಿಡಿಭಾಗ ಪೂರೈಸುವವರು ಅವನ್ನು ಹೊರಗೆ ನೇರವಾಗಿ ಮಾರದಂತೆ ಕಾರು ಕಂಪನಿಗಳು ತಡೆಯುತ್ತಿದ್ದುದೂ ಆ ಆದೇಶದ ಆಕ್ಷೇಪಗಳಲ್ಲಿ ಒಂದು. ಅದು ಕಾರುಗಳ ವಿಷಯವಾದರೂ ನಮಗೆ ಒಂದು ತಿಳಿವಳಿಕೆ ಕೊಡುತ್ತದೆ: ಬೆಲೆಯ ಅಂತರವೆಲ್ಲ ಗುಣದ ಅಂತರವೇ ಆಗಿರಬೇಕಿಲ್ಲ. ಅದೇ ರೀತಿ, ಕಡಿಮೆ ಬೆಲೆಯೆಲ್ಲ ಉಳಿತಾಯವೂ ಅಲ್ಲ ಎಂಬುದನ್ನು ಮುಂದೆ ನೋಡಿ.

ಒಳಗಿನ ವ್ಯತ್ಯಾಸಗಳು

ಹೊರಗಿನಿಂದ ನೋಡಿದರೆ ಎಲ್ಲ ಡಬ್ಬಿಗಳೂ ಒಂದೇ. ವ್ಯತ್ಯಾಸವಿರುವುದು ಒಳಗಿನ ಐದು ಭಾಗಗಳಲ್ಲಿ.

ಸೋಸುವ ಕಾಗದ: ಕಾಗದದ ಒಟ್ಟು ವಿಸ್ತೀರ್ಣ ಹೆಚ್ಚಿದ್ದಷ್ಟೂ ಹೆಚ್ಚು ಕೊಳೆ ಹಿಡಿದಿಟ್ಟುಕೊಂಡು ಹೆಚ್ಚು ದಿನ ಬಾಳುತ್ತದೆ. ಕಳಪೆ ಫಿಲ್ಟರಿನಲ್ಲಿ ಮಡಿಕೆಗಳು ವಿರಳವಾಗಿ, ಓರೆಕೋರೆಯಾಗಿ ಇರುತ್ತವೆ; ಬಿಸಿ ಎಣ್ಣೆಯಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಗದದ ಎರಡು ಅಂಚು ಸೇರುವಲ್ಲಿ ಅಂಟು ಬಿಟ್ಟರೆ ಎಣ್ಣೆ ಸೋಸದೆಯೇ ಅಲ್ಲಿಂದ ನುಗ್ಗುತ್ತದೆ. ಆದರೆ ಮಡಿಕೆ ಎಣಿಸಿ ಮಾತ್ರ ತೀರ್ಪು ಕೊಡಬೇಡಿ. ಕೃತಕ ನಾರಿನ ಹಾಳೆ ಬಳಸುವ ಉತ್ತಮ ಫಿಲ್ಟರುಗಳಲ್ಲಿ ಮಡಿಕೆ ಕಡಿಮೆಯೇ ಇರಬಹುದು.

ಬೈಪಾಸ್ ವಾಲ್ವು: ಕಾಗದ ಕಟ್ಟಿಕೊಂಡಾಗ ಅಥವಾ ಚಳಿಯ ಬೆಳಗ್ಗೆ ಎಣ್ಣೆ ಗಟ್ಟಿಯಾಗಿದ್ದಾಗ ಈ ವಾಲ್ವು ತೆರೆದು ಎಣ್ಣೆಯನ್ನು ನೇರವಾಗಿ ಬಿಡುತ್ತದೆ. ಎಣ್ಣೆಯೇ ಇಲ್ಲದೆ ಬೇರಿಂಗು ಸುಡುವುದಕ್ಕಿಂತ ಸೋಸದ ಎಣ್ಣೆ ಲೇಸು ಎಂಬ ಲೆಕ್ಕ ಇದು. ಸ್ಪ್ರಿಂಗು ಸಡಿಲವಾಗಿದ್ದರೆ ವಾಲ್ವು ಸದಾ ತೆರೆದಿದ್ದು ಫಿಲ್ಟರ್ ಇದ್ದೂ ಇಲ್ಲದಂತಾಗುತ್ತದೆ. ತೀರ ಬಿಗಿಯಾಗಿದ್ದರೆ ಎಣ್ಣೆಯ ಕೊರತೆಯಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಈ ವಾಲ್ವು ಫಿಲ್ಟರ್ ಕೂರುವ ತಲೆಯಲ್ಲೇ ಇರುತ್ತದೆ. ಅಂಥವುಗಳ ಫಿಲ್ಟರಿನೊಳಗೆ ವಾಲ್ವು ಇಲ್ಲದಿರುವುದು ದೋಷವಲ್ಲ.

ಹಿಂದೆ ಹರಿಯದಂತೆ ತಡೆಯುವ ರಬ್ಬರು ವಾಲ್ವು: ಎಂಜಿನ್ ನಿಲ್ಲಿಸಿದಾಗ ಫಿಲ್ಟರಿನೊಳಗಿನ ಎಣ್ಣೆ ಕೆಳಗಿಳಿಯದಂತೆ ಇದು ಹಿಡಿದಿಡುತ್ತದೆ. ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರುಗಳಿಗೆ ಇದು ಮುಖ್ಯ. ಬೆಳಗ್ಗೆ ಚಾಲೂ ಮಾಡಿದ ಮೇಲೆ ಎಣ್ಣೆ ಒತ್ತಡದ ದೀಪ ಆರಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿದರೆ ಈ ರಬ್ಬರು ಗಡುಸಾಗಿದೆಯೆಂದು ಶಂಕಿಸಬಹುದು.

ನಡುವಿನ ಕೊಳವೆ: ಒತ್ತಡಕ್ಕೆ ಕಾಗದ ಕುಸಿಯದಂತೆ ತೂತುಳ್ಳ ಈ ಕೊಳವೆ ಆಧಾರ ಕೊಡುತ್ತದೆ. ತೆಳು ತಗಡಿನದಾದರೆ ಕಾಗದದೊಡನೆ ತಾನೂ ನಜ್ಜುಗುಜ್ಜಾಗುತ್ತದೆ.

ಹೊರಗಿನ ರಬ್ಬರು ಉಂಗುರ ಮತ್ತು ಮರೆ: ಸೋರಿಕೆ ತಡೆಯುವುದು ಇವೆರಡೇ. ಮರೆಯ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಮುಕ್ಕಾಲು ಅಂಗುಲದ, ಅಂಗುಲಕ್ಕೆ ೧೬ ಸುತ್ತಿನ ಮರೆಯೂ, ೨೦ ಮಿಲಿಮೀಟರಿನ, ಒಂದೂವರೆ ಮಿಲಿಮೀಟರ್ ಅಂತರದ ಮರೆಯೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಮೊದಲನೆಯದು ೧೯.೦೫ ಮಿಲಿಮೀಟರ್. ಆ ಅಳತೆಯ ಕೊಳವೆಗೆ ೨೦ ಮಿಲಿಮೀಟರಿನ ಫಿಲ್ಟರನ್ನು ತಿರುಗಿಸಿದರೆ ಅದು ಸಡಿಲವಾಗಿ ಕೂತಂತೆ ತೋರಿ, ಒತ್ತಡ ಏರಿದಾಗ ಕಿತ್ತುಬರಬಹುದು. ಕ್ಷಣಮಾತ್ರದಲ್ಲಿ ಎಣ್ಣೆಯೆಲ್ಲ ಹೊಲಕ್ಕೆ ಚೆಲ್ಲಿ ಎಂಜಿನ್ ಬರಿದಾಗುತ್ತದೆ. "ಕೂತಿತಲ್ಲ, ಸಾಕು" ಎನ್ನುವ ಮೇಸ್ತ್ರಿಯ ಮಾತಿಗೆ ಒಪ್ಪಬೇಡಿ.

ಪೆಟ್ಟಿಗೆಯ ಮೇಲಿನ ಮೈಕ್ರಾನ್ ಲೆಕ್ಕ

ಕೆಲವು ಪೆಟ್ಟಿಗೆಗಳ ಮೇಲೆ "೨೦ ಮೈಕ್ರಾನ್" ಎಂದು ದೊಡ್ಡದಾಗಿ ಬರೆದಿರುತ್ತದೆ. ಅಷ್ಟರಿಂದಲೇ ಗುಣ ತಿಳಿಯದು. ಆ ಗಾತ್ರದ ನೂರು ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂಬುದು ಮುಖ್ಯ. ಐ.ಎಸ್.ಓ. ೪೫೪೮ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಇದನ್ನು ಅಳೆಯುವ ವಿಧಾನವಿದೆ. ದೂಳು ಬೆರೆಸಿದ ಎಣ್ಣೆಯನ್ನು ಫಿಲ್ಟರಿನ ಮೂಲಕ ಮತ್ತೆ ಮತ್ತೆ ಹಾಯಿಸಿ, ಮುಂಚೆ ಎಷ್ಟು ಕಣಗಳಿದ್ದವು, ದಾಟಿದ ಮೇಲೆ ಎಷ್ಟು ಉಳಿದವು ಎಂದು ಎಣಿಸಿ ಭಾಗಿಸುತ್ತಾರೆ. ಈ ಭಾಗಲಬ್ಧಕ್ಕೆ ಬೀಟಾ ಎಂದು ಹೆಸರು.

ಬೀಟಾ ೨ ಎಂದರೆ ನೂರರಲ್ಲಿ ೫೦ ಕಣಗಳು ದಾಟಿಹೋಗುತ್ತವೆ. ಬೀಟಾ ೨೦ ಎಂದರೆ ೫ ಮಾತ್ರ ದಾಟುತ್ತವೆ. ಬೀಟಾ ೭೫ ಎಂದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಮೂವರೂ ತಮ್ಮ ಪೆಟ್ಟಿಗೆಯ ಮೇಲೆ "೨೦ ಮೈಕ್ರಾನ್" ಎಂದೇ ಬರೆದುಕೊಳ್ಳಬಹುದು! ಕಂಪನಿಯ ನಕ್ಷೆಯಂತೆ ತಯಾರಾದ ಫಿಲ್ಟರಿಗೂ ಹೆಸರಿಲ್ಲದ ಫಿಲ್ಟರಿಗೂ ಇರುವ ನಿಜವಾದ ಅಂತರ ಇದೇ. ಇದನ್ನು ಅಂಗಡಿಯಲ್ಲಿ ಕಣ್ಣಿನಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಪರೀಕ್ಷೆಯ ಅಂಕಿಗಳನ್ನು ತಮ್ಮ ಪಟ್ಟಿಯಲ್ಲಿ ಪ್ರಕಟಿಸುವ ತಯಾರಕರನ್ನು ಆರಿಸಿಕೊಳ್ಳುವುದೇ ನಮಗಿರುವ ದಾರಿ.

ಹಾಗೆಂದು ಹೆಚ್ಚು ನಯವಾಗಿ ಸೋಸುವುದೇ ಎಲ್ಲ ಎಂಜಿನ್ನಿಗೂ ಒಳ್ಳೆಯದೆಂದು ತಿಳಿಯಬೇಡಿ. ಕಾಗದದ ವಿಸ್ತೀರ್ಣ ಸಾಲದೆ ರಂಧ್ರಗಳು ಮಾತ್ರ ಸಣ್ಣದಾದರೆ ಫಿಲ್ಟರ್ ಬೇಗ ಕಟ್ಟಿಕೊಂಡು ಬೈಪಾಸ್ ತೆರೆಯುತ್ತದೆ. ನಿಮ್ಮ ಎಂಜಿನ್ನಿಗೆ ಹೇಳಿದ ಅಳತೆಯೇ ಸರಿಯಾದ ಅಳತೆ.

ಕಂಪನಿಯೇ ಇಲ್ಲದಿದ್ದಾಗ

"ಕಂಪನಿಯದನ್ನೇ ಹಾಕಿ" ಎಂಬ ಸಲಹೆ ಎಲ್ಲರಿಗೂ ಅನ್ವಯಿಸದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಹೆಚ್.ಎಂ.ಟಿ. ಸಂಸ್ಥೆ ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಝೆಟರ್ ಸಹಯೋಗದೊಡನೆ ಟ್ರ್ಯಾಕ್ಟರ್ ತಯಾರಿಕೆ ಪ್ರಾರಂಭಿಸಿತು. ೨೦೧೬ರಲ್ಲಿ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಂಥ ಟ್ರ್ಯಾಕ್ಟರ್ ಇನ್ನೂ ಇಟ್ಟುಕೊಂಡಿರುವ ರೈತರಿಗೆ ಹೊರಗಿನ ಫಿಲ್ಟರೇ ಗತಿ. ಇವರು ಹೆದರಬೇಕಾಗಿಲ್ಲ, ಕ್ರಮವಾಗಿ ಹುಡುಕಬೇಕು.

ಮೊದಲು ಹಳೆಯ ಫಿಲ್ಟರಿನ ಭಾಗ ಸಂಖ್ಯೆ, ಟ್ರ್ಯಾಕ್ಟರಿನ ಮಾದರಿ ಮತ್ತು ತಯಾರಾದ ವರ್ಷವನ್ನು ಬರೆದುಕೊಳ್ಳಿ. ದೊಡ್ಡ ಫಿಲ್ಟರ್ ತಯಾರಕರು ಯಾವ ಮೂಲ ಸಂಖ್ಯೆಗೆ ತಮ್ಮ ಯಾವ ಸಂಖ್ಯೆ ಸಮ ಎಂಬ ಪಟ್ಟಿಯನ್ನು ಹೊರತರುತ್ತಾರೆ. ಅಂಗಡಿಯವರಿಂದ ಅದನ್ನು ತೆಗೆಸಿ ನೋಡಿ. ಆಮೇಲೆ ಹಳೆಯ ಫಿಲ್ಟರನ್ನು ಪಕ್ಕದಲ್ಲಿಟ್ಟು ರಬ್ಬರು ಉಂಗುರದ ವ್ಯಾಸ, ಮರೆ, ಎತ್ತರ ಇವನ್ನು ಹೋಲಿಸಿ. ಸುರುಳಿ ಬಗೆಯದಾದರೆ ಎತ್ತರ ಮತ್ತು ನಡುವಿನ ತೂತು ಕರಾರುವಾಕ್ಕಾಗಿ ಹೊಂದಬೇಕು. ಸುರುಳಿ ಒಂದೆರಡು ಮಿಲಿಮೀಟರ್ ಗಿಡ್ಡವಾದರೂ ಎಣ್ಣೆ ಅದರ ಅಂಚನ್ನು ಬಳಸಿಕೊಂಡು ಸೋಸದೆ ಹೋಗುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

೧. ವಾರಂಟಿ ಅವಧಿ ಮುಗಿಯುವ ತನಕ ಕೈಪಿಡಿಯಲ್ಲಿ ಹೇಳಿದ ಫಿಲ್ಟರನ್ನೇ ಹಾಕಿಸಿ, ರಸೀತಿಗಳನ್ನು ಜೋಪಾನ ಮಾಡಿ. ಕೆಲವು ನೂರು ರೂಪಾಯಿಗಾಗಿ ವಾದಕ್ಕೆ ಎಡೆ ಕೊಡಬೇಡಿ.

೨. ಪೆಟ್ಟಿಗೆಯ ಮೇಲೆ ತಯಾರಕರ ಪೂರ್ಣ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕು. ಇವಿಲ್ಲದ ಪೆಟ್ಟಿಗೆಯನ್ನು ಮರಳಿಸಿ.

೩. ಅಕ್ಷರಗಳು ಮಸುಕಾಗಿದ್ದರೆ, ಹೆಸರಿನ ಕಾಗುಣಿತ ಒಂದಕ್ಷರ ವ್ಯತ್ಯಾಸವಾಗಿದ್ದರೆ, ಪೆಟ್ಟಿಗೆಯ ಸಂಖ್ಯೆಯೂ ಡಬ್ಬಿಯ ಸಂಖ್ಯೆಯೂ ಬೇರೆಯಾಗಿದ್ದರೆ ನಕಲಿಯೆಂದು ಶಂಕಿಸಿ.

೪. ಬಿಲ್ಲು ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳಬೇಡಿ. ಬಿಲ್ಲಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರು ಕೊಡುವುದು ಸುಲಭ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

೫. ಹೊರಗಿನ ಫಿಲ್ಟರನ್ನು ಮೊದಲ ಬಾರಿಗೆ ಬಳಸಿದಾಗ, ತೆಗೆದ ಮೇಲೆ ಅದನ್ನು ಕತ್ತರಿಸಿಸಿ ನೋಡಿ. ಮಡಿಕೆ ಕುಸಿದಿದೆಯೇ, ಅಂಟು ಬಿಟ್ಟಿದೆಯೇ, ಕೊಳವೆ ನಜ್ಜಾಗಿದೆಯೇ ಎಂದು ಪರೀಕ್ಷಿಸಿ. ಹಾಗಿದ್ದರೆ ಆ ಹೆಸರನ್ನು ಮತ್ತೆ ಕೊಳ್ಳಬೇಡಿ. ಮಡಿಕೆಗಳಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೆ ತಡಮಾಡದೆ ಎಂಜಿನ್ ತೋರಿಸಿ.

ಹಾಕುವ ಕ್ರಮ

ಉತ್ತಮ ಫಿಲ್ಟರನ್ನೂ ತಪ್ಪಾಗಿ ಹಾಕಿ ಕೆಡಿಸಬಹುದು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಪೂರ್ತಿ ಬಸಿಯಿರಿ. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರು ಉಂಗುರವೂ ಜೊತೆಗೇ ಬಂದಿದೆಯೇ ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ ಎಣ್ಣೆ ಸೋರುವುದು ಖಂಡಿತ. ಕೂರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒರೆಸಿ. ಹೊಸ ಉಂಗುರಕ್ಕೆ ಹೊಸ ಎಣ್ಣೆ ಸವರಿ ಕೈಯಿಂದಲೇ ತಿರುಗಿಸಿ. ಉಂಗುರ ತಗುಲಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಹಾಕಿ ಹಿಂಡಬಾರದು. ಎಣ್ಣೆ ತುಂಬಿ ಎಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಿ, ಒತ್ತಡದ ದೀಪ ಆರಿತೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿ. ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಕಡ್ಡಿಯಿಂದ ಮಟ್ಟ ಅಳೆದು ಕೊರತೆ ತುಂಬಿ.

ಕಾಗದದ ಸುರುಳಿಯನ್ನು ಡೀಸೆಲ್ಲಿನಲ್ಲಿ ತೊಳೆದು ಮತ್ತೆ ಹಾಕುವ ಪರಿಪಾಠ ಕೆಲವೆಡೆ ಇದೆ. ಇದು ಸರಿಯಲ್ಲ. ಮೇಲಿನ ಕೊಳೆ ಹೋಗಬಹುದು, ಕಾಗದದೊಳಗೆ ಸಿಕ್ಕಿದ ಕಣಗಳು ಹೋಗುವುದಿಲ್ಲ, ಕಾಗದವೂ ಹರಿಯುತ್ತದೆ. ತೊಳೆಯಬೇಕಾದ್ದು ಬಟ್ಟಲನ್ನು ಮಾತ್ರ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಹಲವು ಟ್ರ್ಯಾಕ್ಟರುಗಳಿಗೆ ೨೫೦ ಗಂಟೆಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಲು ಹೇಳಿರುತ್ತಾರೆ. ಮಾದರಿಯಂತೆ ಇದು ಹೆಚ್ಚುಕಡಿಮೆಯಾಗುತ್ತದೆ. ನಿಮ್ಮ ಕೈಪಿಡಿ ನೋಡಿ, ಬದಲಾಯಿಸಿದ ದಿನದ ಗಂಟೆ ಮೀಟರಿನ ಅಂಕಿಯನ್ನು ಡಬ್ಬಿಯ ಮೇಲೇ ಬರೆಯಿರಿ. ಅತ್ಯುತ್ತಮ ಕಂಪನಿ ಫಿಲ್ಟರನ್ನು ಹಾಕಿ ಎರಡು ಅವಧಿ ಓಡಿಸುವವರಿಗಿಂತ, ಹೆಸರಾಂತ ಹೊರಗಿನ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವವರ ಎಂಜಿನ್ ಚೆನ್ನಾಗಿರುತ್ತದೆ. ಗಾಳಿ ಶೋಧಕವನ್ನೂ ಮರೆಯಬೇಡಿ. ಬೇಸಿಗೆ ಉಳುಮೆಯ ದೂಳು ಅಲ್ಲಿಂದ ಒಳಬಂದರೆ ಯಾವ ಆಯಿಲ್ ಫಿಲ್ಟರೂ ಅದನ್ನು ಪೂರ್ತಿ ತಡೆಯಲಾರದು.

ಈಗ ಅಂಗಡಿಯ ಮೂರು ಪೆಟ್ಟಿಗೆಗಳಿಗೆ ಬರೋಣ. ವಾರಂಟಿ ಇರುವ ಹೊಸ ಟ್ರ್ಯಾಕ್ಟರಾದರೆ ಮೊದಲನೆಯದನ್ನು ಕೊಳ್ಳಿ. ವಾರಂಟಿ ಮುಗಿದಿದ್ದು, ತಯಾರಕರ ಪಟ್ಟಿಯಲ್ಲಿ ನಿಮ್ಮ ಮಾದರಿಗೆಂದೇ ಸಂಖ್ಯೆ ಇದ್ದರೆ ಎರಡನೆಯದನ್ನು ಧೈರ್ಯವಾಗಿ ಕೊಂಡು ಹಣ ಉಳಿಸಿ. ಮೂರನೆಯದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದರಿಂದ ಉಳಿಯುವ ಹಣ ಎಂಜಿನ್ ಮೇಸ್ತ್ರಿಯ ಪಾಲಾಗುವ ಹಣ.